ಸೋರೆ ಬಳ್ಳಿಯನ್ನು ಕಿತ್ತ ಜೆರೋಮ್

ಪುಣೆಯ ನಮ್ಮ ಸೊಸೈಟಿಯಲ್ಲಿ ಮಂಗಳೂರು ಕಡೆಯ ಹಿರಿಯರೊಬ್ಬರು ತೀರಿಕೊಂಡಾಗ ಸಂಜೆಯ ಪ್ರಾರ್ಥನೆಗೆ ನಾವೆಲ್ಲ ಹೋಗಿದ್ದೆವು. ಇಪ್ಪತ್ತಮೂರನೆಯ ಕೀರ್ತನೆ ಓದೋಣ ಎಂದರು ಯಾರೋ. ಹುಬ್ಬಳ್ಳಿಯ ಪ್ರಾಟೆಸ್ಟೆಂಟ್ ಗೆಳೆಯ ತನ್ನ ಕನ್ನಡ ಬೈಬಲ್ ತೆರೆದ. ದೇವರನ್ನು ಕುರುಬನಿಗೆ ಹೋಲಿಸುವ ಪ್ರಸಿದ್ಧ ಕೀರ್ತನೆ ಅದು. ಮನೆಯ ಅಜ್ಜಿಯ ಕೈಯಲ್ಲಿ, ಲ್ಯಾಟಿನ್‌ನಿಂದ ಇಂಗ್ಲಿಷಿಗೆ ತಂದ ಹಳೆಯ ಕ್ಯಾಥೊಲಿಕ್ ಬೈಬಲ್ ಇತ್ತು. ಅದರ ಇಪ್ಪತ್ತಮೂರರಲ್ಲಿ ಕುರುಬನೇ ಇಲ್ಲ! ಅಜ್ಜಿ ಒಂದು ಪುಟ ಹಿಂದಕ್ಕೆ ಮಗುಚಿ, ಇಪ್ಪತ್ತೆರಡನೆಯದನ್ನು ತೋರಿಸಿ, ನಿಮ್ಮದು ಇಲ್ಲಿದೆ ನೋಡಿ ಅಂದರು. ಮನೆಗೆ ಬಂದ ಮೇಲೆ ಆ ಒಂದಂಕಿಯ ವ್ಯತ್ಯಾಸದ ಬೆನ್ನು ಹಿಡಿದೆ. ಅದು ನನ್ನನ್ನು ಹದಿನಾರು ನೂರು ವರ್ಷ ಹಿಂದಕ್ಕೆ, ಬೆತ್ಲೆಹೇಮಿನಲ್ಲಿ ದೀಪದ ಬೆಳಕಿನಲ್ಲಿ ಕಣ್ಣು ಕೆಡಿಸಿಕೊಳ್ಳುತ್ತಿದ್ದ ಒಬ್ಬ ಸಿಡುಕು ಸನ್ಯಾಸಿಯ ಬಳಿಗೆ ಒಯ್ದು ನಿಲ್ಲಿಸಿತು.

ಅವನೇ ಜೆರೋಮ್. ಹುಟ್ಟಿದ್ದು ಸುಮಾರು 347ರಲ್ಲಿ, ಸ್ಟ್ರಿಡೋನ್ ಎಂಬ ಸಣ್ಣ ಊರಿನಲ್ಲಿ. ಡಾಲ್ಮೇಷಿಯಾ ಮತ್ತು ಪನೋನಿಯಾ ಎಂಬ ಎರಡು ರೋಮನ್ ಪ್ರಾಂತಗಳ ಗಡಿಯಲ್ಲಿದ್ದ ಆ ಊರನ್ನು ಅವನ ಕಾಲದಲ್ಲೇ ಗೋಥರು ಹಾಳುಗೆಡವಿದರು. ಈಗ ಅದು ನಿಖರವಾಗಿ ಎಲ್ಲಿತ್ತೆಂದು ಗುರುತಿಸಲೂ ಆಗುವುದಿಲ್ಲ. ಅನುಕೂಲಸ್ಥ ಕ್ರೈಸ್ತ ಮನೆತನ. ಹುಡುಗನನ್ನು ಓದಿಗೆಂದು ರೋಮಿಗೆ ಕಳಿಸಿದರು. ಅಲ್ಲಿ ಆ ಕಾಲದ ದೊಡ್ಡ ವ್ಯಾಕರಣ ಪಂಡಿತ ಡೊನಾಟಸ್‌ನ ಕೈಯಲ್ಲಿ ಅವನು ಪಳಗಿದ. ವರ್ಜಿಲ್, ಸಿಸೆರೊ, ಟೆರೆನ್ಸ್ ಎಲ್ಲ ಬಾಯಿಪಾಠ. ಸಂಪಾದಿಸಿದ ದುಡ್ಡು ಪುಸ್ತಕಗಳಿಗೆ ಹೋಗುತ್ತಿತ್ತು. ಎಷ್ಟನ್ನೋ ಸ್ವಂತ ಕೈಯಿಂದಲೇ ನಕಲು ಮಾಡಿಕೊಂಡ. ಭಾನುವಾರಗಳಂದು ಗೆಳೆಯರ ಜೊತೆ ರೋಮಿನ ನೆಲದಡಿಯ ಸಮಾಧಿ ಸುರಂಗಗಳಿಗೆ ಇಳಿದು, ಹುತಾತ್ಮರ ಗೋರಿಗಳ ನಡುವೆ ಕತ್ತಲಲ್ಲಿ ತಡವರಿಸುತ್ತ ಅಲೆಯುತ್ತಿದ್ದ. ಆ ಗೋಡೆಗಳ ಮೇಲೆ ಪ್ರವಾದಿ ಯೋನ ಬಳ್ಳಿಯ ನೆರಳಲ್ಲಿ ಒರಗಿ ಮಲಗಿದ ಚಿತ್ರಗಳಿದ್ದವು. ಈ ಬಳ್ಳಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ರೋಮಿನ ನಂತರ ಟ್ರಿಯರ್, ಅಕ್ವಿಲೇಯಾ, ಅಲ್ಲಿಂದ ಪೂರ್ವಕ್ಕೆ ಆಂಟಿಯೋಕ್. ಒಂದು ಕಡೆ ನಿಂತ ಕಾಲಲ್ಲ ಅದು. ಆಂಟಿಯೋಕಿನಲ್ಲಿ ಜ್ವರ ಬಂದು ಸಾಯುವ ಹಂತ ತಲುಪಿದಾಗ ಅವನಿಗೊಂದು ಕನಸು ಬಿತ್ತು. ದೇವರ ನ್ಯಾಯಾಸನದ ಮುಂದೆ ಎಳೆದು ನಿಲ್ಲಿಸಿದ್ದಾರೆ, ನೀನು ಯಾರು ಎಂದು ಕೇಳಿದ್ದಾರೆ. ಕ್ರೈಸ್ತ ಅಂದರೆ ನಂಬುತ್ತಿಲ್ಲ. ಸುಳ್ಳು, ನೀನು ಸಿಸೆರೊನ ಕಡೆಯವನು ಎಂದು ಛಡಿಯೇಟು ಬೀಳುತ್ತದೆ. ಎದ್ದಾಗ ಭುಜಗಳು ನೋಯುತ್ತಿದ್ದವಂತೆ. ಇನ್ನು ಲೌಕಿಕ ಸಾಹಿತ್ಯ ಮುಟ್ಟುವುದಿಲ್ಲ ಎಂದು ಆಣೆ ಮಾಡಿದ. ಆ ಆಣೆಯನ್ನು ಅವನು ಪೂರ್ತಿ ನಡೆಸಿದನೆಂದು ಅವನ ಬರಹ ಓದಿದ ಯಾರೂ ಹೇಳಲಾರರು. ಸಿಸೆರೊ ಕೊನೆಯವರೆಗೂ ಅವನ ಲೇಖನಿಯ ತುದಿಯಲ್ಲೇ ಇದ್ದ.

ಮುಂದೆ ಎರಡು ಮೂರು ವರ್ಷ ಸಿರಿಯಾದ ಖಾಲ್ಕಿಸ್ ಮರಳುಗಾಡಿನಲ್ಲಿ ತಪಸ್ಸು. ಅಲ್ಲಿ ಅವನನ್ನು ಕಾಡಿದ್ದು ಹಸಿವಲ್ಲ, ರೋಮಿನ ನೃತ್ಯಗಾರ್ತಿಯರ ನೆನಪು. ಮನಸ್ಸನ್ನು ಕಟ್ಟಿಹಾಕಲು ಅವನು ಆರಿಸಿಕೊಂಡ ಉಪಾಯ ವಿಚಿತ್ರ: ಹೀಬ್ರೂ ವ್ಯಾಕರಣ. ಯೆಹೂದಿ ಮತದಿಂದ ಬಂದ ಒಬ್ಬ ಸನ್ಯಾಸಿಯ ಹತ್ತಿರ ಅಕ್ಷರಾಭ್ಯಾಸ ಶುರು. ಸಿಸೆರೊನ ಹರಿಯುವ ಗದ್ಯಕ್ಕೆ ಒಗ್ಗಿದ ನಾಲಿಗೆ ಈಗ ಗಂಟಲಿನಿಂದ ಉಸಿರೆಳೆದು ಆಡುವ ಒರಟು ಶಬ್ದಗಳಿಗೆ ತಿರುಗಬೇಕಿತ್ತು. ಎಷ್ಟೋ ಸಲ ಕೈಚೆಲ್ಲಿದ, ಮತ್ತೆ ಕೂತ. ಆಗಿನ ಪಶ್ಚಿಮದ ಕ್ರೈಸ್ತ ಪಂಡಿತರಲ್ಲಿ ಗ್ರೀಕ್ ಬಲ್ಲವರೇ ಕಡಿಮೆ, ಹೀಬ್ರೂ ಬಲ್ಲವರು ಇಲ್ಲವೆಂದೇ ಹೇಳಬೇಕು.

382ರಲ್ಲಿ ಅವನು ರೋಮಿಗೆ ಮರಳಿ, ಪೋಪ್ ಡಮಾಸಸ್‌ನ ಕಾರ್ಯದರ್ಶಿಯಂತೆ ಕೆಲಸಕ್ಕೆ ನಿಂತ. ಡಮಾಸಸ್‌ಗೆ ಒಂದು ತಲೆನೋವಿತ್ತು. ಲ್ಯಾಟಿನ್ ಬಲ್ಲ ಚರ್ಚುಗಳಲ್ಲಿ ಓದುತ್ತಿದ್ದ ಸುವಾರ್ತೆಗಳು ಒಂದಕ್ಕೊಂದು ಹೊಂದುತ್ತಿರಲಿಲ್ಲ. ಆಫ್ರಿಕಾದಲ್ಲಿ ಒಂದು ರೀತಿ, ಇಟಲಿಯಲ್ಲಿ ಇನ್ನೊಂದು. ಯಾರೋ ಎಂದೋ ಗ್ರೀಕಿನಿಂದ ಮಾಡಿದ ಅನುವಾದ, ಅದನ್ನು ನಕಲು ಮಾಡಿದವನ ತಪ್ಪು, ಆ ತಪ್ಪನ್ನು ತಿದ್ದಲು ಹೋದವನ ಇನ್ನೊಂದು ತಪ್ಪು, ತೂಕಡಿಸುತ್ತ ಬರೆದವನು ಬಿಟ್ಟುಹೋದ ಸಾಲು, ಲೂಕನ ಪುಸ್ತಕದಲ್ಲಿ ಕಡಿಮೆ ಕಂಡದ್ದನ್ನು ಮತ್ತಾಯನಿಂದ ತಂದು ತುಂಬಿದ ಸಾಲು. ಪ್ರತಿಗಳು ಎಷ್ಟಿವೆಯೋ ಪಾಠಗಳೂ ಹೆಚ್ಚುಕಡಿಮೆ ಅಷ್ಟೇ ಇವೆ ಎಂದು ಜೆರೋಮ್ ದೂರಿದ. ಹಳೆಯ ಗ್ರೀಕ್ ಪ್ರತಿಗಳಿಗೆ ಹೋಲಿಸಿ ಇವನ್ನು ತಿದ್ದಿಕೊಡು ಎಂಬುದು ಪೋಪ್‌ನ ಅಪ್ಪಣೆ.

ಕೆಲಸ ಎಂಥದೆಂದು ಅವನಿಗೆ ಮೊದಲೇ ಗೊತ್ತಿತ್ತು. ಚಿಕ್ಕಂದಿನಿಂದ ಕೇಳಿ ಬಂದ ಸಾಲಿನಲ್ಲಿ ಒಂದು ಪದ ಬೇರೆಯಾದರೂ ಜನ ತನ್ನನ್ನು ಶಾಸ್ತ್ರ ಕೆಡಿಸಿದವನೆಂದು ಬೈಯುತ್ತಾರೆಂದು ಮುನ್ನುಡಿಯಲ್ಲೇ ಬರೆದಿಟ್ಟ. ಹಾಗಾಗಿ ನಾಲ್ಕು ಸುವಾರ್ತೆಗಳಲ್ಲಿ ಅರ್ಥ ಕೆಟ್ಟ ಕಡೆ ಮಾತ್ರ ಕೈಹಾಕಿ, ಉಳಿದದ್ದನ್ನು ಇದ್ದ ಹಾಗೆ ಬಿಟ್ಟ. ಆದರೂ ಕೆಲವು ಆಯ್ಕೆಗಳಿಂದ ತಪ್ಪಿಸಿಕೊಳ್ಳಲು ಆಗಲಿಲ್ಲ. ಯೇಸು ಕಲಿಸಿದ ಪ್ರಾರ್ಥನೆಯಲ್ಲಿ ರೊಟ್ಟಿಗೆ ವಿಶೇಷಣವಾಗಿ ಬರುವ ಗ್ರೀಕ್ ಪದ ಎಪಿಯೂಸಿಯೋಸ್. ಆ ಪದ ಈ ಪ್ರಾರ್ಥನೆಯ ಹೊರಗೆ ಬೇರೆಲ್ಲೂ ಸಿಗುವುದಿಲ್ಲ ಅನ್ನಬಹುದು. ಅರ್ಥ ಏನು? ಲೂಕನಲ್ಲಿ ಅವನು ಹಳೆಯ ರೂಢಿಯಂತೆ ದಿನದಿನದ ರೊಟ್ಟಿ ಎಂಬರ್ಥದ ಪದ ಉಳಿಸಿದ. ಮತ್ತಾಯನಲ್ಲಿ ಅದೇ ಗ್ರೀಕ್ ಪದವನ್ನು ಭಾಗ ಬಿಡಿಸಿ, ಎಲ್ಲ ವಸ್ತುವಿಗೂ ಮಿಗಿಲಾದದ್ದು ಎಂಬರ್ಥದ ಹೊಸ ಲ್ಯಾಟಿನ್ ಪದ ಇಟ್ಟ. ಮುಂದೆ ಒಂದು ಹಳೆಯ ಹೀಬ್ರೂ ಸುವಾರ್ತೆಯಲ್ಲಿ ಆ ಜಾಗದಲ್ಲಿ ನಾಳೆ ಎಂಬ ಪದ ಕಂಡದ್ದನ್ನೂ ದಾಖಲಿಸಿದ. ಒಂದೇ ಪದಕ್ಕೆ ಒಬ್ಬನೇ ಅನುವಾದಕನಿಂದ ಮೂರು ಅರ್ಥ. ಬೇರೆ ಬೇರೆ ಅನುವಾದಕರು ಬೇರೆ ಬೇರೆ ಬರೆದರೆ ಏನಾಶ್ಚರ್ಯ?

ಕೆಲವೊಮ್ಮೆ ಜಗಳ ಪದದ್ದೂ ಅಲ್ಲ, ಒಂದು ಅಕ್ಷರದ್ದು. ಯೇಸು ಹುಟ್ಟಿದ ರಾತ್ರಿ ದೇವದೂತರು ಹಾಡುವ ಸಾಲಿನ ಕೊನೆಯ ಗ್ರೀಕ್ ಪದಕ್ಕೆ ಕೆಲವು ಪ್ರತಿಗಳಲ್ಲಿ ‘ಸ್’ ಇದೆ, ಕೆಲವದರಲ್ಲಿ ಇಲ್ಲ. ಇದ್ದರೆ, ಒಲವಿಗೆ ಪಾತ್ರರಾದ ಮನುಷ್ಯರಿಗೆ ಶಾಂತಿ. ಇಲ್ಲದಿದ್ದರೆ, ಭೂಮಿಯ ಮೇಲೆ ಶಾಂತಿ, ಮನುಷ್ಯರ ಕಡೆಗೆ ಒಲವು. ಜೆರೋಮನ ಲ್ಯಾಟಿನ್ ‘ಸ್’ ಇರುವ ಪಾಠ ಹಿಡಿಯಿತು. 1611ರ ಕಿಂಗ್ ಜೇಮ್ಸ್ ಇಂಗ್ಲಿಷ್ ಬೈಬಲ್ ‘ಸ್’ ಇಲ್ಲದ, ತಡವಾದ ಪ್ರತಿಗಳನ್ನು ಹಿಡಿಯಿತು. 4ನೆಯ ಶತಮಾನದ ದೊಡ್ಡ ಹಸ್ತಪ್ರತಿಗಳು ಕೈಗೆ ಸಿಕ್ಕಮೇಲೆ ಬಂದ ಹೆಚ್ಚಿನ ಹೊಸ ಅನುವಾದಗಳು ಮತ್ತೆ ‘ಸ್’ ಕಡೆಗೆ ಬಂದಿವೆ. ಮಾರ್ಕನ ಸುವಾರ್ತೆಯ ಕೊನೆಯ ಹನ್ನೆರಡು ವಾಕ್ಯಗಳ ಕಥೆಯೂ ಇಂಥದ್ದೇ. ತಾನು ಕಂಡ ಗ್ರೀಕ್ ಪ್ರತಿಗಳಲ್ಲಿ ಬಹುಪಾಲಿನಲ್ಲಿ ಅವು ಇಲ್ಲವೆಂದು ಜೆರೋಮನೇ ಒಂದು ಪತ್ರದಲ್ಲಿ ಬರೆದಿದ್ದಾನೆ. ಆದರೂ ತನ್ನ ಬೈಬಲಿನಿಂದ ಅವನ್ನು ತೆಗೆಯಲಿಲ್ಲ. ಈಗಿನ ಬೈಬಲ್‌ಗಳು ಆ ವಾಕ್ಯಗಳಿಗೆ ಕಂಸ ಹಾಕಿ ಕೆಳಗೆ ಟಿಪ್ಪಣಿ ಕೊಡುವುದು ಇದೇ ಕಾರಣಕ್ಕೆ.

ರೋಮಿನಲ್ಲಿ ಅವನ ಸುತ್ತ ಒಂದು ಅಪರೂಪದ ಬಳಗ ಬೆಳೆಯಿತು. ಅವೆಂಟೈನ್ ಗುಡ್ಡದ ಮೇಲಿನ ಮನೆಯಲ್ಲಿ ಮಾರ್ಸೆಲ್ಲಾ ಎಂಬ ವಿಧವೆ, ಪೌಲಾ ಎಂಬ ಇನ್ನೊಬ್ಬ ಶ್ರೀಮಂತ ವಿಧವೆ, ಆಕೆಯ ಹೆಣ್ಣುಮಕ್ಕಳು. ಇವರು ಬರೀ ಭಕ್ತೆಯರಲ್ಲ. ಹೀಬ್ರೂ ಕಲಿತು ಕೀರ್ತನೆಗಳನ್ನು ಮೂಲದಲ್ಲೇ ಹಾಡುವಷ್ಟು ಮುಂದೆ ಹೋದರು. ಮಾರ್ಸೆಲ್ಲಾಳ ಪ್ರಶ್ನೆಗಳಿಗೆ ಉತ್ತರ ಬರೆದು ಬರೆದು ಜೆರೋಮ್ ಸುಸ್ತಾಗುತ್ತಿದ್ದ. ಒಮ್ಮೆ ಒಬ್ಬ ಯೆಹೂದಿ ತಮ್ಮ ಪ್ರಾರ್ಥನಾ ಮಂದಿರದಿಂದ ಸುರುಳಿಗಳನ್ನು ಎರವಲು ತಂದುಕೊಟ್ಟನೆಂದು, ಪೋಪ್‌ಗೆ ಕೊಡಬೇಕಾದ ಉತ್ತರವನ್ನೂ ಬದಿಗಿಟ್ಟು ಅವನು ನಕಲು ಮಾಡಲು ಕೂತುಬಿಟ್ಟ.

ಆದರೆ ಅವನ ನಾಲಿಗೆ ಅವನ ಶತ್ರು. ರೋಮಿನ ಪಾದ್ರಿಗಳ ಸುಗಂಧ, ಉಂಗುರ, ಶ್ರೀಮಂತ ವಿಧವೆಯರ ಮನೆ ಸುತ್ತುವ ಚಪಲ, ಎಲ್ಲವನ್ನೂ ಬರೆದು ನಗೆಪಾಟಲು ಮಾಡಿದ. 384ರಲ್ಲಿ ಪೌಲಾಳ ಇಪ್ಪತ್ತರ ಹರೆಯದ ಮಗಳು ಬ್ಲೆಸಿಲ್ಲಾ ಕಠಿಣ ಉಪವಾಸಗಳ ನಂತರ ಸತ್ತಳು. ಶವಯಾತ್ರೆಯಲ್ಲಿ ತಾಯಿ ಮೂರ್ಛೆ ಹೋದಾಗ ಜನ ಗೊಣಗಿದರು: ಈ ಸನ್ಯಾಸಿಗಳೇ ಕೊಂದದ್ದು, ಇವರನ್ನು ಟೈಬರ್ ನದಿಗೆ ಎಸೆಯಬೇಕು. ಸಿಟ್ಟು ಪೂರ್ತಿ ಅನ್ಯಾಯವಾಗಿರಲಿಲ್ಲ ಅನಿಸುತ್ತದೆ ನನಗೆ. ಆ ಹುಡುಗಿಯನ್ನು ಆ ದಾರಿಗೆ ಹಚ್ಚಿದವನು ಅವನೇ. ಮಗಳಿಗಾಗಿ ಅಷ್ಟು ಅಳಬಾರದೆಂದು ತಾಯಿಗೆ ಅವನು ಬರೆದ ಪತ್ರ ಇಂದು ಓದಲು ಕಷ್ಟ. ಅದೇ ವರ್ಷದ ಕೊನೆಗೆ ಡಮಾಸಸ್ ತೀರಿಕೊಂಡ. ಆಶ್ರಯ ಹೋಯಿತು. ಪೌಲಾಳ ಜೊತೆ ಅವನ ಹೆಸರು ಸೇರಿಸಿ ಮಾತು ಹಬ್ಬಿತು. 385ರ ಆಗಸ್ಟ್‌ನಲ್ಲಿ ಅವನು ರೋಮ್ ಬಿಟ್ಟ, ಮತ್ತೆ ಬರಲಿಲ್ಲ.

ಪೌಲಾ ಮತ್ತು ಮಗಳು ಯೂಸ್ಟೋಕಿಯಂ ಹಿಂದೆಯೇ ಬಂದರು. ಪಾಲೆಸ್ತೀನ್, ಈಜಿಪ್ಟ್ ಸುತ್ತಿ 386ರಲ್ಲಿ ಎಲ್ಲರೂ ಬೆತ್ಲೆಹೇಮಿನಲ್ಲಿ ನೆಲೆ ನಿಂತರು. ಪೌಲಾಳ ಹಣದಿಂದ ಮಠಗಳೂ ಯಾತ್ರಿಕರ ಛತ್ರವೂ ಎದ್ದವು. ದುಡ್ಡು, ಕಟ್ಟಡ, ಪುಸ್ತಕ, ನಕಲುಗಾರರು ಎಲ್ಲದರ ಹಿಂದೆ ಆಕೆಯಿದ್ದಳು. 404ರಲ್ಲಿ ಸಾಯುವಾಗ ಮಗಳಿಗೆ ಬಿಟ್ಟದ್ದು ಸಾಲ. ಬೈಬಲ್ ಅನುವಾದದ ಇತಿಹಾಸದಲ್ಲಿ ಆಕೆಯ ಹೆಸರು ಇನ್ನಷ್ಟು ದೊಡ್ಡ ಅಕ್ಷರದಲ್ಲಿರಬೇಕಿತ್ತು.

ಇಲ್ಲಿ ಜೆರೋಮ್ ತನ್ನ ಬದುಕಿನ ದೊಡ್ಡ ನಿರ್ಧಾರ ಮಾಡಿದ. ಅಲ್ಲಿಯವರೆಗೆ ಕ್ರೈಸ್ತರಿಗೆ ಹಳೆಯ ಒಡಂಬಡಿಕೆ ಎಂದರೆ ಸೆಪ್ಟುಜಿಂಟ್, ಅಂದರೆ ಕ್ರಿಸ್ತಪೂರ್ವದಲ್ಲೇ ಅಲೆಕ್ಸಾಂಡ್ರಿಯಾದ ಯೆಹೂದಿಗಳು ಮಾಡಿಕೊಂಡ ಗ್ರೀಕ್ ಅನುವಾದ. ಲ್ಯಾಟಿನ್ ಬೈಬಲ್ ಅದರ ಅನುವಾದ, ಅನುವಾದದ ಅನುವಾದ. ಕೀರ್ತನೆಗಳನ್ನು ಅವನು ಮೊದಲು ಆ ಗ್ರೀಕಿನ ಆಧಾರದಲ್ಲೇ ತಿದ್ದಿದ್ದ. ಆದರೆ ಸಿಸೇರಿಯಾದ ಗ್ರಂಥಾಲಯದಲ್ಲಿ ಆರಿಜೆನ್ ಎಂಬ ಹಿಂದಿನ ಪಂಡಿತ ಹೀಬ್ರೂ ಮತ್ತು ಹಲವು ಗ್ರೀಕ್ ಅನುವಾದಗಳನ್ನು ಆರು ಕಂಬಸಾಲುಗಳಲ್ಲಿ ಪಕ್ಕಪಕ್ಕ ಇಟ್ಟು ಬರೆಸಿದ ಬೃಹತ್ ಗ್ರಂಥವಿತ್ತು. ಅದನ್ನು ನೋಡಿದವನಿಗೆ ಗ್ರೀಕ್ ಎಲ್ಲಿ ಹೆಚ್ಚಿಸಿದೆ, ಎಲ್ಲಿ ಬಿಟ್ಟಿದೆ ಎಂದು ಕಣ್ಣಿಗೆ ಹೊಡೆಯಿತು. ಹಾಗಾದರೆ ಮೂಲಕ್ಕೇ ಹೋಗಬೇಕು. ಸುಮಾರು 390ರಿಂದ 405ರವರೆಗೆ, ಹದಿನೈದು ವರ್ಷ, ಹೀಬ್ರೂವಿನಿಂದ ನೇರ ಲ್ಯಾಟಿನ್‌ಗೆ ಕೆಲಸ ನಡೆಯಿತು.

ಗುರುಗಳು ಯೆಹೂದಿಗಳು. ಬರಾನಿನಾ ಎಂಬವನು ತನ್ನವರಿಗೆ ಹೆದರಿ ರಾತ್ರಿಯ ಹೊತ್ತು ಬಂದು ಪಾಠ ಹೇಳುತ್ತಿದ್ದ. ಯೋಬನ ಪುಸ್ತಕ ಅರ್ಥವಾಗದೆ, ಲಿದ್ದಾ ಊರಿನ ಪಂಡಿತನೊಬ್ಬನಿಗೆ ಕೈತುಂಬ ಹಣ ಕೊಟ್ಟು ಕೂರಿಸಿಕೊಂಡ. ತೋಬಿತನ ಪುಸ್ತಕ ಅರಮೇಯ ಭಾಷೆಯಲ್ಲಿ ಸಿಕ್ಕಿತು. ಅದು ಅವನಿಗೆ ಸರಿಯಾಗಿ ಬರುತ್ತಿರಲಿಲ್ಲ. ಎರಡೂ ಬಲ್ಲ ಒಬ್ಬನನ್ನು ಕರೆಸಿದ. ಆತ ಅರಮೇಯದಿಂದ ಹೀಬ್ರೂಗೆ ಬಾಯಲ್ಲಿ ಹೇಳಿದ, ಇವನು ಹೀಬ್ರೂವಿನಿಂದ ಲ್ಯಾಟಿನ್‌ಗೆ ಲಿಪಿಕಾರನಿಗೆ ಹೇಳಿ ಬರೆಸಿದ. ಒಂದೇ ದಿನದಲ್ಲಿ ಮುಗಿಯಿತು! ಹೀಬ್ರೂವಿನಲ್ಲಿ ಇಲ್ಲದ ಇಂಥ ಪುಸ್ತಕಗಳು ಉಳಿದವುಗಳ ಸಾಲಿಗೆ ಸೇರವು ಎಂದು ಅವನ ಅಭಿಪ್ರಾಯ. ಚರ್ಚು ಒಪ್ಪಲಿಲ್ಲ. ಸಾವಿರ ವರ್ಷ ದಾಟಿದ ಮೇಲೆ ಪ್ರಾಟೆಸ್ಟೆಂಟರು ಒಪ್ಪಿದರು. ನಮ್ಮ ಹುಬ್ಬಳ್ಳಿ ಗೆಳೆಯನ ಬೈಬಲಿನಲ್ಲಿ 66 ಪುಸ್ತಕ, ಮಂಗಳೂರಿನ ಅಜ್ಜಿಯದರಲ್ಲಿ 73 ಇರುವುದರ ಬೇರು ಅಲ್ಲಿದೆ. ಯೆಹೂದಿಗಳಿಂದ ಇಷ್ಟೆಲ್ಲ ಪಡೆದವನು ತನ್ನ ವ್ಯಾಖ್ಯಾನಗಳಲ್ಲಿ ಅವರನ್ನು ಹೀನಾಯವಾಗಿ ಬೈದಿರುವುದನ್ನೂ ಇಲ್ಲೇ ಹೇಳಿಬಿಡಬೇಕು.

ಹೀಬ್ರೂವಿನ ಕಷ್ಟ ಕನ್ನಡಿಗರಿಗೆ ಸುಲಭವಾಗಿ ಹೇಳಬಹುದು. ಆಗ ಅದನ್ನು ಸ್ವರಚಿಹ್ನೆಗಳಿಲ್ಲದೆ, ಬಹುಮಟ್ಟಿಗೆ ವ್ಯಂಜನಗಳಲ್ಲೇ ಬರೆಯುತ್ತಿದ್ದರು. ನಮ್ಮಲ್ಲಿ ಮ್, ರ್ ಎಂದು ಎರಡೇ ಬರೆದಿಟ್ಟರೆ ಅದು ಮರವೋ, ಮರಿಯೋ, ಮೂರೋ, ಮಾರೋ, ಮೋರೆಯೋ? ಸಂದರ್ಭ ಹೇಳಬೇಕು. ಬೆಟ್ಟದಿಂದ ಇಳಿದ ಮೋಶೆಯ ಮುಖದ ಬಗ್ಗೆ ಹೇಳುವ ಕಡೆ ಕ್, ರ್, ನ್ ಇದೆ. ಹೊಳೆಯಿತು ಎಂದೂ ಓದಬಹುದು. ಕೊಂಬು ಎಂಬ ಪದದ ಬೇರೂ ಅದೇ. ಗ್ರೀಕ್ ಅನುವಾದ ಮಹಿಮೆಯಿಂದ ತುಂಬಿತ್ತು ಎಂದಿತ್ತು; ಅದು ಗೊತ್ತಿದ್ದೂ ಜೆರೋಮ್ ಕೊಂಬು ಆರಿಸಿದ. ಕೊಂಬು ಶಕ್ತಿಯ, ಗೌರವದ ಸಂಕೇತವೆಂದು ಅವನ ಲೆಕ್ಕವಿದ್ದಿರಬೇಕು. ಇಂದಿಗೂ ರೋಮಿನ ಒಂದು ಚರ್ಚಿನಲ್ಲಿ ಮೈಕೆಲೇಂಜೆಲೊ ಕೆತ್ತಿದ ಮೋಶೆ ತಲೆಯ ಮೇಲೆ ಎರಡು ಪುಟ್ಟ ಕೊಂಬು ಹೊತ್ತು ಕೂತಿದ್ದಾನೆ.

ಯೆಶಾಯನ ಪುಸ್ತಕದಲ್ಲಿ ಮಗುವನ್ನು ಹೆರುವವಳು ಅಲ್ಮಾ. ಸೆಪ್ಟುಜಿಂಟ್ ಅದನ್ನು ಕನ್ಯೆ ಎಂದಿತ್ತು, ಜೆರೋಮನೂ ಕನ್ಯೆ ಎಂದೇ ಬರೆದು ಅದಕ್ಕಾಗಿ ವಾದಿಸಿದ. ಹರೆಯದ ಹೆಣ್ಣು ಎಂದಷ್ಟೇ ಅರ್ಥ ಎಂದರು ಯೆಹೂದಿಗಳು. 1952ರಲ್ಲಿ ಅಮೆರಿಕದ ಹೊಸ ಇಂಗ್ಲಿಷ್ ಬೈಬಲೊಂದು ಯೆಹೂದಿಗಳ ಅರ್ಥ ಹಿಡಿದಾಗ ಅಲ್ಲಿನ ಪಾದ್ರಿಯೊಬ್ಬ ಆ ಪುಟವನ್ನೇ ಸುಟ್ಟ. ಇಲ್ಲಿ ಹಸ್ತಪ್ರತಿಯ ಗೊಂದಲವೇನೂ ಇಲ್ಲ. ಮೂಲದ ಪದ ಎಲ್ಲರಿಗೂ ಒಂದೇ. ಆದರೆ ಆ ಪದದ ಮೇಲೆ ಒಂದು ನಂಬಿಕೆಯೇ ನಿಂತಿದೆ.

ಈಗ ಯೋನನ ಬಳ್ಳಿಗೆ ಬರೋಣ. ನಿನೆವೆ ಊರಿನ ಹೊರಗೆ ಬಿಸಿಲಲ್ಲಿ ಮುನಿಸಿಕೊಂಡು ಕೂತ ಪ್ರವಾದಿಗೆ ದೇವರು ಒಂದೇ ರಾತ್ರಿಯಲ್ಲಿ ಗಿಡವೊಂದನ್ನು ಬೆಳೆಸಿ ನೆರಳು ಕೊಡುತ್ತಾನೆ. ಹೀಬ್ರೂವಿನಲ್ಲಿ ಅದು ಕೀಕಾಯೋನ್. ಗ್ರೀಕಿನವರು ಸೋರೆ ಎಂದರು. ಲ್ಯಾಟಿನ್ ಜನ ತಲೆತಲಾಂತರದಿಂದ ಸೋರೆ ಎಂದೇ ಕೇಳಿದರು, ಗೋರಿಗಳ ಮೇಲೆ ಸೋರೆಯನ್ನೇ ಬರೆದರು. ಜೆರೋಮನಿಗೆ ಗಿಡ ಗೊತ್ತಿತ್ತು. ದ್ರಾಕ್ಷಿ ಎಲೆಯಂಥ ಅಗಲ ಎಲೆ, ದಟ್ಟ ನೆರಳು, ಕೆಲವೇ ದಿನಗಳಲ್ಲಿ ಎದ್ದು ತನ್ನ ಕಾಂಡದ ಮೇಲೆ ನಿಲ್ಲುತ್ತದೆ, ಪಾಲೆಸ್ತೀನಿನ ಮರಳು ನೆಲದಲ್ಲಿ ಸಾಮಾನ್ಯ ಎಂದು ವರ್ಣಿಸಿದ್ದಾನೆ. ಓದಿದರೆ ನಮಗೂ ಗುರುತು ಸಿಗುತ್ತದೆ: ಮೈಸೂರಿನ ಕಡೆ ಹರಳು, ಧಾರವಾಡದ ಕಡೆ ಔಡಲ, ಇಲ್ಲಿ ಪುಣೆಯಲ್ಲಿ ಏರಂಡ, ಚೆನ್ನೈಯಲ್ಲಿ ಆಮಣಕ್ಕು. ಆದರೆ ಅದಕ್ಕೆ ಲ್ಯಾಟಿನ್‌ನಲ್ಲಿ ಹೆಸರಿಲ್ಲ ಎಂದು ಅವನ ಅಂಬೋಣ. ಮೂಲಪದವನ್ನೇ ಇಟ್ಟರೆ ಯಾರಿಗೂ ತಿಳಿಯದು. ಆದ್ದರಿಂದ ಹಿಂದಿನ ಕೆಲವು ಗ್ರೀಕ್ ಅನುವಾದಕರ ಹಾದಿ ಹಿಡಿದು, ಗೋಡೆಗೆ ಹಬ್ಬುವ ಐವಿ ಬಳ್ಳಿ ಎಂದು ಬರೆದ.

ಆಫ್ರಿಕಾದ ಓಯಾ ನಗರದಲ್ಲಿ, ಅಂದರೆ ಇಂದಿನ ಲಿಬಿಯಾದ ಟ್ರಿಪೋಲಿಯಲ್ಲಿ, ಬಿಷಪ್ ಒಬ್ಬ ಈ ಹೊಸ ಅನುವಾದವನ್ನು ಚರ್ಚಿನಲ್ಲಿ ಓದಿಸಿದ. ಸೋರೆಯ ಜಾಗದಲ್ಲಿ ಐವಿ ಬಂತು. ಗಲಾಟೆ ಎದ್ದಿತು, ಅದರಲ್ಲೂ ಗ್ರೀಕರಿಂದ. ಊರಿನ ಯೆಹೂದಿಗಳನ್ನು ಕೇಳಿದರೆ, ಹಳೆಯದೇ ಸರಿ ಎಂದುಬಿಟ್ಟರು. ತನ್ನ ಮಂದಿ ಎಲ್ಲರೂ ಕೈಬಿಟ್ಟು ಹೋಗುವ ಹೊತ್ತಿಗೆ ಬಿಷಪ್ ಪದ ತಿದ್ದಿ ಬಚಾವಾದ. 403ರ ಸುಮಾರಿಗೆ ಹಿಪ್ಪೊ ನಗರದ ಬಿಷಪ್ ಆಗಸ್ಟೀನ್ ಇದನ್ನೆಲ್ಲ ಜೆರೋಮನಿಗೆ ಬರೆದು, ಹೀಬ್ರೂ ಬಿಟ್ಟು ಗ್ರೀಕನ್ನೇ ಅನುವಾದಿಸಬಾರದೇ ಎಂದು ವಿನಯದಿಂದ ಕೇಳಿದ. ಗ್ರೀಕ್ ಚರ್ಚುಗಳಿಗೂ ಲ್ಯಾಟಿನ್ ಚರ್ಚುಗಳಿಗೂ ನಡುವೆ ಬಿರುಕು ಬಿಡುತ್ತದೆ, ತಪ್ಪು ಹಿಡಿಯಬಲ್ಲ ಎರಡನೆಯವರೂ ಇಲ್ಲ ಎಂಬುದು ಅವನ ಆತಂಕ. ಅದು ಪೊಳ್ಳು ವಾದವಲ್ಲ. ಜೆರೋಮನ ಉತ್ತರ ಖಾರವಾಗಿತ್ತು: ಆ ಯೆಹೂದಿಗಳಿಗೆ ಹೀಬ್ರೂ ಬಾರದು, ಇಲ್ಲವೇ ಸೋರೆಯವರನ್ನು ಗೇಲಿ ಮಾಡಲು ಸುಳ್ಳು ಹೇಳಿದ್ದಾರೆ. ಅದಕ್ಕೂ ಮುಂಚೆ ರೋಮಿನ ಟೀಕಾಕಾರನೊಬ್ಬನಿಗೆ ಅವನು ಕೊಟ್ಟ ಉತ್ತರ ಇನ್ನೂ ಮಜವಾಗಿದೆ. ಸೋರೆ ಹೋಗಿ ಐವಿ ಬೆಳೆದರೆ, ಕತ್ತಲಲ್ಲಿ ಕದ್ದು ಕುಡಿಯಲು ಏನೂ ಸಿಗದೆಂದು ಆತನಿಗೆ ಭಯ ಎಂದ! ಸೋರೆಬುರುಡೆಯಲ್ಲಿ ಹೆಂಡ ತುಂಬಿಡುವುದನ್ನು ಕಂಡ ನಮ್ಮ ಹಳ್ಳಿಗರಿಗೆ ಈ ಕುಟುಕು ಥಟ್ಟನೆ ಹೊಳೆಯುತ್ತದೆ.

ಒಂದು ಮಾತು ಜೆರೋಮನ ವಿರುದ್ಧ. ತನ್ನ ಕಾಲದ ಯೆಹೂದಿಗಳ ಕೈಯಲ್ಲಿದ್ದ ಹೀಬ್ರೂ ಪಾಠವೇ ಮೂಲ ಎಂದು ಅವನು ನಂಬಿದ್ದ. 1947ರ ನಂತರ ಮೃತ ಸಮುದ್ರದ ಗುಹೆಗಳಲ್ಲಿ ಸಿಕ್ಕ ಸುರುಳಿಗಳು ಬೇರೆ ಕಥೆ ಹೇಳಿದವು. ಯೆರೆಮೀಯನ ಪುಸ್ತಕ ಗ್ರೀಕಿನಲ್ಲಿ ಎಂಟನೆಯ ಒಂದು ಪಾಲಿನಷ್ಟು ಚಿಕ್ಕದು. ಅಂಥ ಚಿಕ್ಕ ಪಾಠಕ್ಕೆ ಹೊಂದುವ ಹೀಬ್ರೂ ತುಣುಕೂ ಅಲ್ಲಿತ್ತು. ಅಂದರೆ ಗ್ರೀಕ್ ಅನುವಾದಕರು ಎಲ್ಲ ಕಡೆ ಬಿಟ್ಟುಹೋಗಿರಲಿಲ್ಲ, ಅವರ ಮುಂದಿದ್ದ ಮೂಲವೇ ಬೇರೆ. ಆಗಸ್ಟೀನ್‌ನ ಅಳುಕಿಗೂ ಸ್ವಲ್ಪ ಆಧಾರವಿತ್ತು.

ಕೊನೆಯ ವರ್ಷಗಳು ಕಷ್ಟದವು. ಹಳೆಯ ಗೆಳೆಯ ರುಫಿನಸ್ ಜೊತೆಗಿನ ಜಗಳ ಹೊಲಸಾಗಿ ಬೆಳೆಯಿತು. ಗೆಳೆಯ ಸತ್ತ ಮೇಲೂ ಜೆರೋಮ್ ಅವನನ್ನು ಹೀಯಾಳಿಸುವುದನ್ನು ಬಿಡಲಿಲ್ಲ. 410ರಲ್ಲಿ ಗೋಥರು ರೋಮ್ ಲೂಟಿ ಮಾಡಿದರು, ಮಾರ್ಸೆಲ್ಲಾ ಆ ಏಟುಗಳಿಂದ ಚೇತರಿಸಿಕೊಳ್ಳದೆ ಸತ್ತಳು. ಓಡಿ ಬಂದ ನಿರಾಶ್ರಿತರಿಂದ ಬೆತ್ಲೆಹೇಮ್ ತುಂಬಿತು. ಹಗಲೆಲ್ಲ ಅವರ ಆರೈಕೆ, ಬರೆಯಲು ರಾತ್ರಿ ಮಾತ್ರ. ಆದರೆ ದೀಪದ ಬೆಳಕಿನಲ್ಲಿ ಹೀಬ್ರೂವಿನ ಸಣ್ಣ ಅಕ್ಷರಗಳು ಕಾಣುತ್ತಿರಲಿಲ್ಲ. ಗ್ರೀಕ್ ಪುಸ್ತಕಗಳನ್ನು ಮಠದ ಸಹೋದರರು ಓದಿ ಹೇಳಬೇಕಿತ್ತು. 416ರಲ್ಲಿ ಗುಂಪೊಂದು ಮಠಗಳಿಗೆ ಬೆಂಕಿ ಇಟ್ಟಿತು. 420ರ ಸೆಪ್ಟೆಂಬರ್ 30ರಂದು ಅವನು ತೀರಿಕೊಂಡನೆಂದು ಸಂಪ್ರದಾಯ. ಆ ದಿನವನ್ನು 2017ರಲ್ಲಿ ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಅನುವಾದ ದಿನವೆಂದು ಸಾರಿತು.

ಅವನ ಅನುವಾದ ಗೆಲ್ಲಲು ಶತಮಾನಗಳೇ ಹಿಡಿದವು. ಗುಟೆನ್‌ಬರ್ಗ್ ಅಚ್ಚು ಹಾಕಿದ ಬೈಬಲ್ ಅದೇ. 1546ರಲ್ಲಿ ಟ್ರೆಂಟ್ ಸಭೆ ಅಧಿಕೃತವೆಂದು ಘೋಷಿಸಿದ್ದೂ ಅದನ್ನೇ. ಕೀರ್ತನೆಗಳಲ್ಲಿ ಮಾತ್ರ ಅವನು ಸೋತ. ಹೀಬ್ರೂವಿನಿಂದ ಹೊಸದಾಗಿ ಮಾಡಿಕೊಟ್ಟ ಕೀರ್ತನೆಗಳನ್ನು ಯಾವ ಚರ್ಚೂ ಹಾಡಲು ಒಪ್ಪಲಿಲ್ಲ. ಬಾಯಿಗೆ ಹತ್ತಿದ್ದು ಗ್ರೀಕ್ ಮೂಲದ ಪಾಠ, ಅದೇ ಉಳಿಯಿತು. ಹೀಬ್ರೂವಿನ ಒಂಬತ್ತು, ಹತ್ತನೆಯ ಕೀರ್ತನೆಗಳು ಗ್ರೀಕಿನಲ್ಲಿ ಸೇರಿ ಒಂದಾಗಿವೆ. ಅಲ್ಲಿಂದ ಮುಂದೆ ಎಣಿಕೆ ಒಂದು ಹಿಂದೆ. ಅಜ್ಜಿಯ ಬೈಬಲಿನ ಇಪ್ಪತ್ತೆರಡು ಬಂದದ್ದು ಹಾಗೆ.

ಯೋನನ ಗಿಡದ ವ್ಯಾಜ್ಯ ಇನ್ನೂ ಮುಗಿದಿಲ್ಲ. ಕಿಂಗ್ ಜೇಮ್ಸ್ ಮತ್ತೆ ಸೋರೆಗೆ ಹೋಯಿತು. ಆಮೇಲಿನ ಇಂಗ್ಲಿಷ್ ಬೈಬಲ್‌ಗಳಲ್ಲಿ ಒಂದು ಬಳ್ಳಿ ಎಂದರೆ ಇನ್ನೊಂದು ಪೊದೆ ಎನ್ನುತ್ತದೆ. ಮತ್ತೊಂದು ಬರೀ ಗಿಡ ಎಂದು ಬರೆದು, ಬಹುಶಃ ಹರಳು ಎಂದು ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಸೇರಿಸಿದೆ.